ಬಾರ್ನಬಿ ಎಂಬ ಆಟಗಾರನ ಪತ್ತೆ

ನಾನು ನೈರೋಬಿಗೆ ಬಂದ ಮೂರನೆಯ ವರ್ಷ ಇದು ನಡೆದದ್ದು. ಮೈಸೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿದ್ದವಳು, ಯಜಮಾನರಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಲ್ಯಾವಿಂಗ್ಟನ್ ಬಡಾವಣೆಯಲ್ಲಿ ಮನೆ ಹೂಡಿದ್ದೆ. ಸುಮ್ಮನೆ ಕೂರುವುದು ನನ್ನಿಂದಾಗದ ಕೆಲಸ. ವೆಸ್ಟ್‌ಲ್ಯಾಂಡ್ಸ್‌ನ ಸಣ್ಣ ಡೇಟಾ ಕಂಪನಿಯೊಂದರಲ್ಲಿ ವೆರಿಫಿಕೇಶನ್ ವಿಭಾಗದ ಮುಖ್ಯಸ್ಥೆಯಾಗಿ ಸೇರಿಕೊಂಡೆ. ಮುಖ್ಯಸ್ಥೆ ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ನನ್ನ ಕೈಕೆಳಗಿದ್ದವರು ಆರು ಜನ. ಏಳು ಜನಕ್ಕೂ ಸೇರಿ ಕಿಟಕಿ ಒಂದೇ.

ಬೇಸ್‌ಬಾಲ್ ಆಟದ ಇತಿಹಾಸವನ್ನು ಸಂಗ್ರಹಿಸುವ ಅಮೆರಿಕದ ವೆಬ್‌ಸೈಟೊಂದು ನಮ್ಮ ಗ್ರಾಹಕ. ಆ ಆಟದಲ್ಲಿ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅದಕ್ಕೆ ಟ್ರೇಡ್ ಎನ್ನುತ್ತಾರೆ. ಕೆಲವೊಮ್ಮೆ ಒಂದು ತಂಡ ತನ್ನ ಆಟಗಾರನನ್ನು ಇಂದೇ ಕೊಟ್ಟುಬಿಡುತ್ತದೆ. ಇನ್ನೊಂದು ತಂಡ, ‘ಬದಲಿಗೆ ಯಾರನ್ನು ಕೊಡುತ್ತೇವೆಂದು ಆಮೇಲೆ ತಿಳಿಸುತ್ತೇವೆ’ ಎನ್ನುತ್ತದೆ. ಪತ್ರಿಕೆಗಳು ಮೊದಲಿನ ಸುದ್ದಿಯನ್ನು ಅಚ್ಚು ಹಾಕಿ ಆಮೇಲಿನದನ್ನು ಮರೆತುಬಿಡುತ್ತವೆ. ಆ ‘ಆಮೇಲೆ’ ಏನಾಯಿತೆಂದು ಪತ್ತೆ ಹಚ್ಚಿ ‘ಅಂತಿಮ ಫಲಿತಾಂಶ’ ಎಂಬ ಕಾಲಂ ತುಂಬುವುದು ನಮ್ಮ ಕೆಲಸ.

ನಮ್ಮಲ್ಲಿ ಒಬ್ಬರಿಗೂ ಬೇಸ್‌ಬಾಲ್ ಗೊತ್ತಿರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ನಮ್ಮ ಬಾಸ್ ಪ್ರಭಾಕರ್ ಮೊದಲ ದಿನವೇ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದರು. "ವೆರಿ ಸಿಂಪಲ್ ಮೇಡಂ. ಕ್ರಿಕೆಟ್ಟಲ್ಲಿ ಸ್ಟಂಪ್ ತೆಗೆದುಬಿಡಿ, ಅಷ್ಟೇ." ಹಾಗಾದರೆ ಔಟಾಗುವುದು ಹೇಗೆ ಎಂದು ನಾನು ಕೇಳಿದೆ. ಅವರು ಬೋರ್ಡ್ ಒರೆಸಿದರು.

ತಂಡದಲ್ಲಿ ಎಲ್ಲರಿಗಿಂತ ಚುರುಕಾದವಳು ವಾಂಜಿಕು. ಹುಟ್ಟಿ ಬೆಳೆದದ್ದು ನೈರೋಬಿಯಲ್ಲೇ. ನನ್ನನ್ನು ‘ಮಾಮಾ’ ಎನ್ನುತ್ತಿದ್ದಳು. ಸ್ವಾಹಿಲಿಯಲ್ಲಿ ಹಾಗೆಂದರೆ ಅಮ್ಮ. ನನಗೆ ಮಾತ್ರ ಪ್ರತಿ ಸಲವೂ ಮೀಸೆ ಬಂದಂತಾಗುತ್ತಿತ್ತು.

ಎಂಟು ತಿಂಗಳ ಕೆಲಸ ಮುಗಿಯುವ ಹೊತ್ತಿಗೆ ಒಂದೇ ಒಂದು ಸಾಲು ಖಾಲಿ ಉಳಿಯಿತು. ಸುಮಾರು ಐವತ್ತು ವರ್ಷಗಳ ಹಿಂದೆ, ಸಣ್ಣ ಊರೊಂದರ ತಂಡ ತನ್ನ ಚೆಂಡೆಸೆತಗಾರನೊಬ್ಬನನ್ನು ಪಕ್ಕದ ಊರಿನ ತಂಡಕ್ಕೆ ಕೊಟ್ಟಿತ್ತು. ಅವರ ಹೆಸರನ್ನು ಎಲ್ಮರ್ ಎಂದಿಟ್ಟುಕೊಳ್ಳೋಣ. ಬದಲಿಗೆ ಬಂದವರಾರು ಎಂಬುದಕ್ಕೆ ದಾಖಲೆಯೇ ಇಲ್ಲ. ಒಂದೇ ಒಂದು ಸಾಲು ಖಾಲಿ ಇದ್ದರೂ ಒಪ್ಪಂದ ನವೀಕರಿಸುವುದಿಲ್ಲವೆಂದು ಗ್ರಾಹಕರು ಬರೆದಿದ್ದರು. ನವೀಕರಣವಾಗದಿದ್ದರೆ ನಮ್ಮ ವಿಭಾಗಕ್ಕೇ ಬಾಗಿಲು.

ಆ ಊರಿನ ಗ್ರಂಥಾಲಯಕ್ಕೆ ಬರೆದೆ. ಅಲ್ಲಿನ ಗ್ರಂಥಪಾಲಕಿ, ನನ್ನದೇ ಕಸುಬಿನವಳೆಂಬ ಪ್ರೀತಿಯಿಂದಲೋ ಏನೋ, ಹಳೆಯ ಕ್ಲಬ್ಬಿನ ಪೆಟ್ಟಿಗೆಯಿಂದ ತೆಗೆದ ಟೆಲಿಗ್ರಾಮೊಂದನ್ನು ಸ್ಕ್ಯಾನ್ ಮಾಡಿ ಕಳಿಸಿದಳು. ‘ಬಾರ್ನಬಿ ಮಂಗಳವಾರ ತಲುಪಿದ್ದಾಯಿತು. ಬಲಶಾಲಿ. ತಿರುವುಗಳಲ್ಲಿ ಸ್ವಲ್ಪ ನಿಧಾನ. ಎಲ್ಮರ್ ವ್ಯವಹಾರ ಮುಗಿಯಿತು.’

ಆಫೀಸಿನಲ್ಲಿ ಹಬ್ಬ. ಪ್ರಭಾಕರ್ ಎಲ್ಲರಿಗೂ ಸಮೋಸ ತರಿಸಿದರು. ಬೇಸ್‌ಬಾಲಿನಲ್ಲಿ ಮೈದಾನದ ಮೂಲೆಗಳನ್ನು ಸುತ್ತಿ ಓಡಬೇಕು. ಬಾರ್ನಬಿ ದಪ್ಪಗಿದ್ದಿರಬೇಕು ಎಂದು ನಾವು ತೀರ್ಮಾನಿಸಿದೆವು. ಅದೇ ಕಾಲದಲ್ಲಿ ಆಡಿದ್ದ ಬಾರ್ನಬಿ ಎಂಬ ಆಟಗಾರನೂ ಡೇಟಾಬೇಸಿನಲ್ಲಿ ಸಿಕ್ಕಿದ. ಆದರೆ ಆ ಬೇಸಿಗೆಯಲ್ಲಿ ಅವನು ಎರಡು ಸಾವಿರ ಮೈಲಿ ಆಚೆಗೆ, ಬೇರೊಂದು ತಂಡಕ್ಕೆ ಆಡುತ್ತಿದ್ದ.

"ಹೆಸರು ಸಿಕ್ತಲ್ಲ ಮೇಡಂ, ಹಾಕಿ ಕ್ಲೋಸ್ ಮಾಡಿ," ಎಂದರು ಪ್ರಭಾಕರ್.

"ಒಬ್ಬನೇ ಮನುಷ್ಯ ಎರಡು ಕಡೆ ಹೇಗ್ರೀ ಇರ್ತಾನೆ?"

"ಐವತ್ತು ವರ್ಷ ಆಯ್ತು. ಯಾರ್ ಬಂದು ಕೇಳ್ತಾರೆ?"

ನಿಜ ಹೇಳುತ್ತೇನೆ, ಹಾಕಿಬಿಡೋಣ ಎಂದು ನನಗೂ ಅನ್ನಿಸಿತ್ತು. ಆರು ಜನರ ಕೆಲಸದ ಪ್ರಶ್ನೆ. ಹೆಸರು ಟೈಪ್ ಮಾಡಿಯೂ ಆಗಿತ್ತು. ಅಷ್ಟರಲ್ಲಿ, ಗ್ರಂಥಪಾಲಕಿ ಆಮೇಲೆ ಕಳಿಸಿದ್ದ ಅದೇ ಪೆಟ್ಟಿಗೆಯ ಉಳಿದ ಕಾಗದಗಳನ್ನು ಪ್ರಿಂಟ್ ತೆಗೆದು ನೋಡುತ್ತಿದ್ದ ವಾಂಜಿಕು ನನ್ನ ಮೇಜಿನ ಬಳಿ ಬಂದು ನಿಂತಳು.

"ಮಾಮಾ, ಈ ಆಟಗಾರನಿಗೆ ಬ್ಲೇಡ್ ಇದೆ."

ಅದು ಮೈದಾನದ ಸಾಮಾನಿನ ಪಟ್ಟಿ. ರೋಲರ್, ನೀರಿನ ಪೈಪು, ಬಕೆಟ್ಟುಗಳ ಕೆಳಗೆ ಹೀಗೊಂದು ನಮೂದು: ‘ಬಾರ್ನಬಿ, ಹೊಸದು, ಒಂದು. ಎಲ್ಮರ್ ಬದಲಿಗೆ ಬಂದದ್ದು. ಹೆಚ್ಚುವರಿ ಬ್ಲೇಡ್ ಎರಡು.’

ಬಾರ್ನಬಿ ಎಂಬುದು ಹುಲ್ಲು ಕತ್ತರಿಸುವ ಯಂತ್ರದ ಹೆಸರು.

ಪ್ರಭಾಕರ್ ಕುರ್ಚಿಯಲ್ಲಿ ಕುಸಿದರು. "ಗ್ರಾಹಕರಿಗೆ ಏನಂತ ಹೇಳ್ಲಿ ಮೇಡಂ? ಮನುಷ್ಯನ್ನ ಕೊಟ್ಟು ಹುಲ್ಲಿನ ಮಿಷನ್ ತಗೊಂಡ್ರು ಅಂತಾನಾ?"

ಇಂಥ ಅಪರೂಪದ ನಮೂದಿಗೆ, ಸಂಬಂಧಪಟ್ಟವರು ಬದುಕಿದ್ದರೆ ಅವರ ಮಾತನ್ನೂ ಪಡೆಯಬೇಕೆಂಬ ನಿಯಮವಿತ್ತು. ಎಲ್ಮರ್ ಬದುಕಿದ್ದರು, ಎಂಬತ್ತು ದಾಟಿತ್ತು. ಗ್ರಂಥಪಾಲಕಿ ಅವರನ್ನು ಕೇಳಿಯೇ ನಂಬರ್ ಕೊಟ್ಟಳು; ಕರೆ ಎಲ್ಲಿಂದ ಬರುತ್ತದೆಂದು ಮಾತ್ರ ಹೇಳಿರಲಿಲ್ಲವೇನೋ. ನಮ್ಮ ಸಂಜೆ ಐದು ಗಂಟೆಗೆ ಅವರಿಗೆ ಬೆಳಿಗ್ಗೆ. ನಾನು ಫೋನ್ ಮಾಡಿ "ನೈರೋಬಿಯಿಂದ" ಎಂದ ಕೂಡಲೇ, "ನನಗೆ ಯಾವ ಲಾಟರಿಯೂ ಬೇಡಮ್ಮಾ" ಎಂದು ಇಟ್ಟುಬಿಟ್ಟರು. ಎರಡನೆಯ ಸಲವೂ ಅದೇ. ಮೂರನೆಯ ಸಲ ವಾಂಜಿಕು ಫೋನ್ ಕಿತ್ತುಕೊಂಡು, ನಮಸ್ಕಾರವನ್ನೂ ಹೇಳದೆ, "ನೀವು ಚೆಂಡು ಎಸೀತಿದ್ದಿದ್ದು ಎಡಗೈಯಲ್ಲೋ ಬಲಗೈಯಲ್ಲೋ?" ಎಂದು ಕೇಳಿದಳು.

"ಎಡಗೈ," ಎಂದರು ಅವರು. ಆಮೇಲೆ ನಲವತ್ತು ನಿಮಿಷ ನಿಲ್ಲಿಸಲೇ ಇಲ್ಲ. ನಮಗೆ ಅರ್ಥವಾದದ್ದು ಕಾಲುಭಾಗ.

ಕೊನೆಗೆ ಅವರೇ ವಿಷಯಕ್ಕೆ ಬಂದರು. "ನನ್ನ ಬದಲಿಗೆ ಬಾರ್ನಬಿ ಬಂದ ಅಂತ ಆಗ ಮ್ಯಾನೇಜರ್ ಹೇಳಿದ್ರು. ಎಷ್ಟೋ ವರ್ಷ ಪೇಪರಲ್ಲಿ ಅವನ ಹೆಸರು ಹುಡುಕಿದೆ. ಅವನು ಚೆನ್ನಾಗಿ ಆಡಿದ್ರೆ, ನನ್ನನ್ನ ಬಿಟ್ಟಿದ್ದು ಸರಿ ಅಂತ ಸಮಾಧಾನವಾದ್ರೂ ಆಗ್ತಿತ್ತು. ನಿಮಗೆ ಗೊತ್ತಿದ್ರೆ ಹೇಳಿ. ಹೇಗೆ ಆಡಿದ?"

ಸ್ಪೀಕರ್ ಆನ್ ಆಗಿತ್ತು. ವಾಂಜಿಕು ಫೋನನ್ನು ಮೆಲ್ಲಗೆ ನನ್ನತ್ತ ತಳ್ಳಿದಳು. ಸಂಬಳ ಜಾಸ್ತಿ ಇರುವುದು ಇಂಥ ಗಳಿಗೆಗೇ ಇರಬೇಕು. ಸುಳ್ಳು ಹೇಳಲು ಬಾಯಿ ತೆರೆದೆ, ಹೊರಬಂದದ್ದು ನಿಜ.

"ಸರ್, ಬಾರ್ನಬಿ ಮನುಷ್ಯ ಅಲ್ಲ. ಹುಲ್ಲು ಕತ್ತರಿಸೋ ಯಂತ್ರ."

ಮುದುಕರ ಐವತ್ತು ವರ್ಷದ ಮರ್ಯಾದೆಯನ್ನು ಒಂದೇ ಮಾತಿನಲ್ಲಿ ತೆಗೆದೆನಲ್ಲ ಎಂದುಕೊಂಡೆ.

"ಹೊಸದೋ, ಸೆಕೆಂಡ್‌ಹ್ಯಾಂಡೋ?"

"ಹೊಸದು ಸರ್. ಜೊತೆಗೆ ಎರಡು ಬ್ಲೇಡ್."

"ಎಷ್ಟು ವರ್ಷ ಓಡಿತು?"

ವಾಂಜಿಕು ಕಾಗದಗಳನ್ನು ಸರಸರನೆ ತಿರುವಿ ಒಂಬತ್ತು ಬೆರಳು ತೋರಿಸಿದಳು. ಒಂಬತ್ತು ಸೀಸನ್ ಎಂದೆ.

"ನಾನು ಆಮೇಲೆ ಆಡಿದ್ದು ಮೂರೇ!" ಎಂದು ಎಲ್ಮರ್ ನಗತೊಡಗಿದರು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಯಿತು. "ಬರ್ಕೊಳ್ಳಿ. ಆ ತಂಡದೋರು ಮಾಡಿದ್ದೇ ಸರಿ. ಇವತ್ತು ಮಧ್ಯಾಹ್ನ ನನ್ನ ಮೊಮ್ಮಕ್ಕಳು ಬರ್ತಾರೆ, ಮೊದಲು ಅವರಿಗೆ ಹೇಳಬೇಕು."

ಇನ್ನೊಂದು ತೊಡಕು ಉಳಿದಿತ್ತು. ಆ ಕಾಲಂ ಹೆಸರು ಮತ್ತು ಸರ್‌ನೇಮ್ ಎರಡೂ ಇಲ್ಲದೆ ಏನನ್ನೂ ಒಪ್ಪುತ್ತಿರಲಿಲ್ಲ. ಪ್ರಭಾಕರ್ ಸ್ವತಃ ಗ್ರಾಹಕರಿಗೆ ಫೋನ್ ಮಾಡಿ, ಒಂದು ಗಂಟೆ ವಾದಿಸಿ, ‘ಮನುಷ್ಯರಲ್ಲದ್ದು’ ಎಂಬ ಹೊಸ ಆಯ್ಕೆಯನ್ನೇ ಸೇರಿಸುವಂತೆ ಮಾಡಿದರು. ಒಪ್ಪಂದ ನವೀಕರಣವಾಯಿತು. ವೆಬ್‌ಸೈಟಿನವರು ಆ ಸಾಲನ್ನು ಮುಖಪುಟದಲ್ಲೇ ಹಾಕಿದರು.

ಖಾಲಿ ಜಾಗವೊಂದು ಕಣ್ಣಿಗೆ ಬಿದ್ದರೆ, ಅಲ್ಲಿಗೆ ಸರಿಹೊಂದುವ ಹೆಸರನ್ನು ಹುಡುಕಿ ತುಂಬುವುದು ಸುಲಭ. ಅದೇ ಪ್ರಶ್ನೆಯನ್ನು ಇಟ್ಟುಕೊಂಡು ಎಲ್ಲೋ ಒಬ್ಬರು ವರ್ಷಗಟ್ಟಲೆ ಕಾದಿರಬಹುದು. ಅವರ ಪರವಾಗಿ ನಮಗೆ ನಾವೇ ನಾಚಿಕೆಪಟ್ಟುಕೊಂಡು ಉತ್ತರವನ್ನು ಬಚ್ಚಿಡುವ ಅಧಿಕಾರ ನಮಗಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅಷ್ಟು. ಬೇಸ್‌ಬಾಲಿನಲ್ಲಿ ಔಟಾಗುವುದು ಹೇಗೆಂದು ಮಾತ್ರ ಇಂದಿಗೂ ತಿಳಿದಿಲ್ಲ.