ದಿನ್ನೆ ಹತ್ತಿದ ಮಣ್ಣು

ನಮ್ಮ ಮನೆತನದಲ್ಲಿ ಬಾಯಿಗಿಂತ ಮೊದಲು ಕೈ ಏಳುತ್ತದೆ. ಅಪ್ಪ ಎತ್ತಿಗೂ ಮಕ್ಕಳಿಗೂ ಒಂದೇ ಬಾರುಕೋಲು ಇಟ್ಟಿದ್ದ. ಅಣ್ಣನೂ ನಾನೂ ಚಿಕ್ಕಂದಿನಲ್ಲಿ ಕಿವಿ ಹರಿಯುವ ಹಾಗೆ ಕಾದಾಡಿದವರು. ಆದರೂ ಕಮಲಾಪುರದ ಹೊಲ ಪಾಲಾದಾಗ ಅವನು ಕೋರ್ಟು ಕಚೇರಿ ಎನ್ನದೆ ನನ್ನ ಪಾಲು ಕೊಟ್ಟ. ಅವನಿಗೆ ಹಳ್ಳದ ದಂಡೆಯಲ್ಲಿ ಅವ್ವ ಬೆಳೆಸಿದ ಕೆಂಪು ಬಾಳೆಯ ತೋಟ, ನನಗೆ ಅದರ ನೆತ್ತಿಯ ಮೇಲಿನ ಕಲ್ಲುದಿನ್ನೆ. ಹೆಣ್ಣುಮಗಳಿಗೆ ಕೊಟ್ಟದ್ದೇ ದೊಡ್ಡದು ಎಂದು ಕಲಬುರಗಿ ಪೇಟೆಯ ಬ್ರಹ್ಮಪುರದಲ್ಲಿ ನಾನಿರುವ ಓಣಿಯವರೆಲ್ಲ ಹೇಳಿದರು. ನನಗೆ ಮೈ ಉರಿಯಿತು.

ಆ ಉರಿಗೇ ದಿನ್ನೆಯಲ್ಲೂ ಬಾಳೆ ಬೆಳೆದು ತೋರಿಸುತ್ತೇನೆ ಎಂದು ಹಟ ಹಿಡಿದೆ. ಪೇಟೆಯಿಂದ ಬಾಳೆಯ ಮರಿಗಿಡ, ಕಂದುಗಳನ್ನು ತಂದು, ಬೇರು ಸ್ವಚ್ಛ ತೊಳೆದು ನೆಟ್ಟೆ. ನಂದೂರಿನ ದಾಲ್ ಮಿಲ್ಲಿನಿಂದ ತೊಗರಿ ಹೊಟ್ಟು ಹೇರಿಸಿ ಸುರಿದೆ. ಗಿಡಗಳು ಮೊಣಕಾಲೆತ್ತರಕ್ಕೇ ನಿಂತುಬಿಟ್ಟವು. ಹೊಟ್ಟು ಕೂಡ ಕೊಳೆಯದೆ ಸುರಿದ ಹಾಗೇ ಬಿದ್ದಿತ್ತು. ಸಿಟ್ಟಿಗೆ ನಾಲ್ಕಾರು ಸಸಿಗಳನ್ನು ಒದ್ದು ಕಿತ್ತೆ.

ಅಣ್ಣ ನಕ್ಕ. ನಮ್ಮಲ್ಲಿ ಬಾಳೆ ಕಂದಿನ ಬೇರಿಗೆ ಅಂಟಿದ ಮಣ್ಣನ್ನು ತೊಳೆಯುವುದಿಲ್ಲ. ತಾಯಿಗಿಡದ ಮಣ್ಣು ಬಿಟ್ಟರೆ ಕಂದು ತಬ್ಬಲಿಯಾಗುತ್ತದೆ ಎಂಬ ನಂಬಿಕೆ. ಪೇಟೆ ಸೇರಿ ಅದನ್ನೂ ಮರೆತೆಯಾ ಎಂದು ಬೈದ. ಬೈದವನೇ ತನ್ನ ತೋಟದ ಕಂದುಗಳನ್ನು ಮಣ್ಣಿನ ಮುದ್ದೆ ಸಮೇತ ಹಳೆ ಸೀರೆಯ ತುಂಡುಗಳಲ್ಲಿ ಕಟ್ಟಿ, ಹೆಗಲ ಮೇಲೆ ಹೊತ್ತು ತಂದುಕೊಟ್ಟ. ಆ ಮಳೆಗಾಲದಲ್ಲಿ ದಿನ್ನೆ ಬದಲಾಯಿತು. ಬೇರಿನ ಸುತ್ತ ಬಿಳಿ ನೂಲಿನಂಥ ಬೂಷ್ಟು ಹಬ್ಬಿತು, ಎರೆಹುಳು ಕಂಡವು, ಹೊಟ್ಟು ಕರಗಿತು. ಕಲಬುರಗಿಯಲ್ಲಿ ನಮ್ಮ ನೆರೆಮನೆಯ ಕೃಷಿ ಕಾಲೇಜಿನ ಮೇಡಂ ಬಂದು ನೋಡಿ ವಿವರಿಸಿದರು: ಎತ್ತರದ ನೆಲದ ಮಣ್ಣು ತೆಳುವು, ಬಿಸಿಲಿಗೆ ಬೆಂದು ಮಳೆಗೆ ತೊಳೆದು ಅದರ ಜೀವವೆಲ್ಲ ಕೆಳಗಿಳಿದಿರುತ್ತದೆ, ಈಗ ಕೆಳಗಿನಿಂದ ಬಂದ ಈ ಬೂಷ್ಟೇ ಬೇರಿಗೆ ಎಟುಕದ ಕಡೆಯಿಂದ ನೀರು, ಸತ್ವ ತಂದು ಗಿಡಕ್ಕೆ ಉಣಿಸುತ್ತಿದೆ. ಅಣ್ಣನ ಮೇಲಿನ ನನ್ನ ಅರ್ಧ ಸಿಟ್ಟು ಆಗ ಇಳಿಯಿತು. ಉಳಿದರ್ಧ ಇಟ್ಟುಕೊಂಡೆ.

ಮುಂದೆ ಅಣ್ಣ ತೋಟ ಹಿಗ್ಗಿಸಲು ದೂರದ ಊರಿನಿಂದ ಲಾರಿಯಲ್ಲಿ ಕಂದು ತರಿಸಿದ. ಯಾವ ತಾಯಿಯ ಮಣ್ಣೋ ಏನೋ, ಅವನ್ನೂ ತೊಳೆಯದೆ ಹಾಗೇ ನೆಟ್ಟ. ಆ ಸಾಲಿನಿಂದಲೇ ಎಲೆಗಳು ಹಳದಿಯಾಗಿ ಜೋತುಬಿದ್ದವು, ದಿಂಡುಗಳು ಬುಡದಲ್ಲಿ ಸೀಳಿದವು. ಸೊರಗು ರೋಗ ಎಂದರು ಮೇಡಂ. ಅದೂ ಮಣ್ಣಿನ ಬೂಷ್ಟೇ, ಆದರೆ ಬೇರಿನ ಒಳಹೊಕ್ಕು ಕೊಲ್ಲುವಂಥದ್ದು. ನೀರಿನ ಜೊತೆ ಕೆಳಗಿಳಿಯುತ್ತದೆ, ತಾನಾಗಿ ಮೇಲೆ ಹತ್ತುವುದಿಲ್ಲ. ಕೆಳಗಿನ ಕೆಸರು ಮೆತ್ತಿದ ಕಾಲನ್ನಾಗಲಿ ಹತಾರನ್ನಾಗಲಿ ದಿನ್ನೆಗೆ ಬಿಟ್ಟುಕೊಳ್ಳಬೇಡಿ, ನಿಮ್ಮ ಗಿಡ ಉಳಿದರೆ ಮಾತ್ರ ನಿಮ್ಮವ್ವನ ತಳಿ ಉಳಿಯುತ್ತದೆ ಎಂದು ಎಚ್ಚರಿಸಿದರು. ದಿನ್ನೆಗೆ ಬರಬೇಡ ಎಂದು ಅಣ್ಣನಿಗೆ ಹೇಳಿಕಳಿಸಿದೆ. ಅವನಿಗೆ ಅದು ಮುಖಕ್ಕೆ ಹೊಡೆದಂತಾಯಿತು.

ಒಂದು ಮುಂಜಾನೆ ಅವನು ಬಾಳೆ ಕಡಿಯುವ ಕೊಯ್ತ ಹಿಡಿದು ದಿನ್ನೆ ಹತ್ತಿ ಬಂದ. ಸತ್ತ ಗಿಡಗಳನ್ನು ಕಡಿಯುತ್ತಿದ್ದವನು ಹಾಗೇ ಎದ್ದು ಬಂದಿದ್ದ. ಮೊಣಕಾಲವರೆಗೆ ತೋಟದ ಕೆಸರು.

"ನಿನ್ನ ಹೊಟ್ಟಿನ ನೀರು ಇಳದು ನನ್ನ ತ್ವಾಟ ಸತ್ತದ," ಅಂದ. "ನಿಂದೂ ಇರಬಾರ್ದು."

ಗೊನೆ ಹೊತ್ತ ಗಿಡದ ಕುತ್ತಿಗೆಗೇ ಬೀಸಿದ. ಅದು ಉರುಳುವ ಮೊದಲೇ ಮುಂದಿನದಕ್ಕೆ ಬೀಸಿದ. ಅಂಗಿ ಹಿಡಿದು ಎಳೆದ ನನ್ನನ್ನು ಮೊಣಕೈಯಿಂದ ಮುಖಕ್ಕೆ ತಿವಿದು ಕೆಡವಿದ. ಬಾಯಿ ತುಂಬ ರಕ್ತ. ಎದ್ದವಳೇ ಸಲಿಕೆ ತಿರುಗಿಸಿ ಅವನ ಮೊಣಕಾಲಿಗೆ ಹೊಡೆದೆ. ಮೂಳೆಯ ಸದ್ದು ನನಗೆ ಕೇಳಿಸಿತು, ಕೇಳಿ ಸಮಾಧಾನವೂ ಆಯಿತು. ಅವನು ಕುಂಟುತ್ತಲೇ ಇನ್ನೂ ಕೆಲವನ್ನು ಕಡಿದು, ಬೈಯುತ್ತ ಇಳಿದುಹೋದ. ಪೊಲೀಸರ ಬಳಿ ನಾನೂ ಹೋಗಲಿಲ್ಲ, ಅವನೂ ಹೋಗಲಿಲ್ಲ. ಅರ್ಧ ತೋಟ ಇನ್ನೂ ನಿಂತಿತ್ತು.

ಮರುವರ್ಷ ಅವನೇ ಬಂದ, ಕುಂಟುತ್ತ, ಬರಿಗೈಯಲ್ಲಿ. ಈ ಸಲ ಬದುವಿನ ಆಚೆಗೇ ನಿಂತ. ಅವನ ತೋಟದಲ್ಲಿ ಒಂದು ಗಿಡವೂ ಉಳಿದಿರಲಿಲ್ಲ. ಹಳ್ಳದಾಚೆ ಹೊಸ ಜಾಗ ಹಿಡಿದಿದ್ದ.

"ತಂಗಿ, ಒಂದ್ ಕಂದಾದ್ರೂ ಕೊಡು," ಅಂದ. "ಅವ್ವನ ಬಾಳಿ ಅದು."

ನೋಡಲು ಹಸಿರಾಗಿಯೇ ಇದ್ದ ಒಂದು ಗಿಡದ ಬುಡದಿಂದ ಕಂದು ಅಗೆದೆ. ಅವನ ಮುಂದಿಟ್ಟು ಸಲಿಕೆಯಿಂದ ಎರಡು ಹೋಳು ಮಾಡಿದೆ. ಬಿಳಿ ಗಡ್ಡೆಯ ತುಂಬ ಸೊರಗು ರೋಗದ ಕಪ್ಪುಗೆಂಪು ಗೆರೆಗಳು.

"ಎಲ್ಲಾ ಹಿಂಗೇ ಅವ," ಅಂದೆ. "ನೀ ಕಡದ ಸಾಲಿನಿಂದ ಸುರುವಾಗ್ಯದ. ನಿನ್ನ ಕಾಲಿನ ಕೆಸರು, ನಿನ್ನ ಕೊಯ್ತ."

ಅವನು ಆ ಹೋಳುಗಳನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದ. ಆಮೇಲೆ ಕುಸಿದು ಕೂತು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದ. ಮೂಗಿನಿಂದ ರಕ್ತ ಬಂದರೂ ನಿಲ್ಲಿಸಲಿಲ್ಲ. ನಾನು ಎದುರಿಗೇ ನಿಂತಿದ್ದೆ. ಅವನ ಕೈ ಹಿಡಿಯಲಿಲ್ಲ.