ಮುಕ್ಕಾಲು ಗಂಟೆ ದೂರದ ಬಾಣಂತನ

ದೋಹಾದಿಂದ ಮನಾಮಾಕ್ಕೆ ವಿಮಾನದಲ್ಲಿ ಮುಕ್ಕಾಲು ಗಂಟೆ. ಕೊಟ್ಟ ಜ್ಯೂಸ್ ಕುಡಿದು ಮುಗಿಸುವಷ್ಟರಲ್ಲಿ ಬೆಲ್ಟ್ ಕಟ್ಟಿಕೊಳ್ಳಿ, ಇಳಿಯುತ್ತಿದ್ದೇವೆ ಅನ್ನುತ್ತಾರೆ. ಅಮ್ಮ ಇದ್ದದ್ದು ದೋಹಾದಲ್ಲಿ, ನನ್ನ ಅಣ್ಣನ ಮನೆಯಲ್ಲಿ. ಚೊಚ್ಚಲ ಬಸುರಿ ತಂಗಿ ಇದ್ದದ್ದು ಬಹ್ರೇನಿನ ಮನಾಮಾದಲ್ಲಿ. ಎಲ್ಲರಿಗಿಂತ ದೂರ ನಾನು, ಆಸ್ಟ್ರೇಲಿಯಾದ ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ. 2017ರ ಜುಲೈನಲ್ಲಿ ಹೆರಿಗೆ ಎಂದು ಡಾಕ್ಟರು ಹೇಳಿದ್ದರು. ಅಮ್ಮ ಮನಾಮಾಕ್ಕೆ ಹೋಗಿ ಬಾಣಂತನ ಮುಗಿಸಿಕೊಂಡು, ಆಮೇಲೆ ನಿಧಾನವಾಗಿ ನನ್ನ ಮನೆಗೆ ಬರುವುದೆಂದು ಮಾತಾಗಿತ್ತು. ನನ್ನ ಬಾಣಂತನವನ್ನು ಮೈಸೂರಿನಲ್ಲಿ ಅವಳೇ ಮಾಡಿದ್ದಳು. ಕಾಲು ನೀಡಿ ಕೂತು, ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು ನೀರೆರೆಯಲು ಶುರು ಮಾಡಿದಳೆಂದರೆ ಎಂಥ ಅಳುಬುರುಕ ಮಗುವೂ ಸುಮ್ಮನಾಗುತ್ತಿತ್ತು.

ಜೂನ್ ತಿಂಗಳು, ರಂಜಾನ್ ಉಪವಾಸದ ದಿನಗಳು. ಒಂದು ಬೆಳಗ್ಗೆ ಎದ್ದು ನೋಡಿದರೆ ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ನಾಲ್ಕೂ ಸೇರಿ ಕತಾರ್ ಜೊತೆ ಸಂಬಂಧ ಕಡಿದುಕೊಂಡಿದ್ದವು. ವಿಮಾನ ಬಂದ್, ಹಡಗು ಬಂದ್, ರಸ್ತೆ ಬಂದ್. ಇವರೇನು ಹುಟ್ಟಾ ವೈರಿಗಳೇ? ಈಜಿಪ್ಟ್ ಬಿಟ್ಟರೆ ಉಳಿದವರೆಲ್ಲ ಕೊಲ್ಲಿಯ ಆರು ದೇಶಗಳ ಕೂಟದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಒಟ್ಟಿಗೆ ಕೂತವರು. ಪ್ರತಿ ಸಭೆಯಲ್ಲೂ ಸೋದರ ದೇಶ, ಸೋದರ ಜನ ಎಂದು ಅಲ್ಲಿನ ಪದ್ಧತಿಯಂತೆ ಒಬ್ಬರ ಮೂಗಿಗೆ ಒಬ್ಬರು ಮೂಗು ತಾಗಿಸಿ ಫೋಟೋ ತೆಗೆಸಿಕೊಂಡವರು. ಜಗಳ ಬಂದರೆ ಬಗೆಹರಿಸಲು ಒಂದು ಸಮಿತಿ ಇರಬೇಕೆಂದು ತಾವೇ ಬರೆದುಕೊಂಡಿದ್ದಾರಂತೆ. ಬರೆದದ್ದು ಕಾಗದದ ಮೇಲೆಯೇ ಉಳಿಯಿತು, ಆ ಸಮಿತಿಯನ್ನು ಕರೆದವರೇ ಇಲ್ಲ. ಓದುತ್ತಾ ಓದುತ್ತಾ ನನಗೆ ಮೈಯೆಲ್ಲ ಉರಿದುಹೋಯಿತು.

ಅಮ್ಮನಿಗೆ ಫೋನ್ ಮಾಡಿದೆ. ಅವಳಿಗೆ ಇನ್ನೂ ನಗುವ ಧೈರ್ಯವಿತ್ತು.

"ಒಂಟೆಗಳನ್ನೂ ಸೌದಿಯಿಂದ ಓಡಿಸ್ಬಿಟ್ರಂತೆ ಕಣೇ, ಕತಾರಿನೋರ ಒಂಟೆ ಅಂತ. ಅವು ಯಾವ ಪಾರ್ಟಿಗೆ ಸೇರಿದ್ವೋ!" ಎಂದಳು. ಆಮೇಲೆ ದನಿ ತಗ್ಗಿಸಿ, "ನಾನು ಹೋಗೋಷ್ಟರಲ್ಲಿ ಸರಿ ಹೋಗತ್ತೆ ಅಲ್ವಾ?" ಎಂದು ಕೇಳಿದಳು.

ಸರಿ ಹೋಗಲಿಲ್ಲ. ಮಸ್ಕತ್ ಮೇಲಿಂದ ಸುತ್ತಿ ಹೋಗಬಹುದಿತ್ತು, ಒಮಾನ್ ಈ ಜಗಳಕ್ಕೆ ಸೇರಿರಲಿಲ್ಲ. ಒಂಟಿಯಾಗಿ ವಿಮಾನ ಬದಲಿಸಲು ಅಮ್ಮ ತಯಾರಾಗಿಯೇ ಇದ್ದಳು. ಆದರೆ ಬಹ್ರೇನಿನ ವೀಸಾ ಬರಬೇಕಲ್ಲ? ತಂಗಿಯ ಗಂಡ ಅರ್ಜಿ ಹಾಕಿದ. ಆಗುವುದಿಲ್ಲ ಎಂದೂ ಹೇಳಲಿಲ್ಲ, ಆಗುತ್ತದೆ ಎಂದೂ ಹೇಳಲಿಲ್ಲ. ವಿಚಾರಿಸಲು ಹೋದರೆ, ದೋಹಾದಲ್ಲಿ ವಾಸವಿರುವವರ ಅರ್ಜಿಯನ್ನು ಈಗ ಕೆದಕಬೇಡ ಎಂದು ಅವನ ಆಫೀಸಿನವರೇ ಕಿವಿಯಲ್ಲಿ ಹೇಳಿದರಂತೆ. ಕತಾರ್ ಮೇಲೆ ಕನಿಕರ ತೋರಿಸಿ ಏನಾದರೂ ಬರೆದರೆ ಜೈಲು ಎಂದು ಬಹ್ರೇನಿನ ಸರ್ಕಾರ ಸಾರಿತ್ತು. ಅಂದಿನಿಂದ ನನ್ನ ತಂಗಿ ಫೋನಿನಲ್ಲಿ 'ದೋಹಾ' ಎನ್ನುವುದನ್ನೇ ಬಿಟ್ಟಳು.

"ಅಲ್ಲಿ ಹೇಗಿದ್ದಾರೆ, ಅಕ್ಕ?" ಎನ್ನುತ್ತಿದ್ದಳು.

"ಎಲ್ಲೇ?"

"ಅದೇ... ಅಲ್ಲಿ."

ಹೆತ್ತ ತಾಯಿ ಇರುವ ಊರಿನ ಹೆಸರು ಹೇಳಲು ತುಂಬು ಬಸುರಿ ಹೆದರಬೇಕು. ಥೂ, ಇದೂ ಒಂದು ರಾಜ್ಯಭಾರವೇ?

ಆ ಶನಿವಾರ ಹ್ಯಾರಿಸ್‌ಡೇಲ್‌ನ ಪಾರ್ಕಿನಲ್ಲಿ ನಮ್ಮ ಕನ್ನಡದವರೆಲ್ಲ ಸೇರಿದ್ದೆವು. ಬಿಸಿಬೇಳೆಬಾತಿನ ಪಾತ್ರೆ ಒಂದು ಕಡೆ, ಬಾರ್ಬೆಕ್ಯೂ ಒಲೆಯ ಮೇಲೆ ಪನೀರು, ಜೋಳ ಇನ್ನೊಂದು ಕಡೆ. ಪರ್ತ್‌ನದೇ ಇನ್ನೊಂದು ಬಡಾವಣೆ ಮೋರ್ಲಿಯಲ್ಲಿರುವ ಮಗನ ಮನೆಗೆ ಬಂದಿದ್ದ ಅಂಕಲ್ ಒಬ್ಬರು ಗಲ್ಫಿನಲ್ಲಿ ಬಹಳ ವರ್ಷ ದುಡಿದು ರಿಟೈರ್ ಆದವರು. ನನ್ನ ಕತೆ ಕೇಳಿ ತಟ್ಟೆ ಹಿಡಿದುಕೊಂಡೇ ಪಾಠಕ್ಕೆ ನಿಂತರು.

"ನೋಡಮ್ಮಾ, ಇದೆಲ್ಲ ಟೆಂಪರರಿ. ಅಲ್ಲಿನ ಸಿಸ್ಟಮ್ಮೇ ಬೆಸ್ಟು. ಪಾರ್ಲಿಮೆಂಟು, ಗಲಾಟೆ, ಧರಣಿ ಒಂದೂ ಇಲ್ಲ. ಒಬ್ಬ ಹೇಳ್ದ, ಪಟ್ ಅಂತ ಆಗ್ಹೋಯ್ತು. ಅದಕ್ಕೇ ರೋಡುಗಳು ಹಾಗಿರೋದು."

"ಹೌದು ಅಂಕಲ್, ಪಟ್ ಅಂತಾನೇ ಆಗಿದ್ದು. ಒಬ್ಬ ಹೇಳ್ದ, ನಮ್ಮಮ್ಮ ಮಗಳ ಹತ್ರ ಹೋಗೋ ಹಾಗಿಲ್ಲ, ಆಗ್ಹೋಯ್ತು."

ಸುತ್ತ ಇದ್ದವರು ನಕ್ಕರು. ಅಂಕಲ್ ಬಿಡುವ ಆಸಾಮಿಯಲ್ಲ. "ಯಾಕೆ, ಕಾವೇರಿ ಗಲಾಟೇಲಿ ನಾವು ಹೊಸೂರ್ ಬಸ್ ನಿಲ್ಲಿಸ್ಲಿಲ್ವಾ? ಡೆಮಾಕ್ರಸೀಲಿ ಏನು ಭಾರೀ ಕಡಿದು ಕಟ್ಟೆ ಹಾಕಿದ್ರಿ?"

ಅದು ಚುಚ್ಚಿತು, ಸುಳ್ಳಲ್ಲವಲ್ಲ. ಬಸ್ಸು ಸುಟ್ಟವರು ನಮ್ಮವರೇ. ಆದರೆ ನಮ್ಮಲ್ಲಿ ಕೋರ್ಟಿತ್ತು, ಪೇಪರಿತ್ತು, ಮುಖ್ಯಮಂತ್ರಿಗೆ ಮುಖದ ಮೇಲೆ ಬೈಯುವ ಜನ ಇದ್ದರು, ಬಸ್ಸೂ ಮತ್ತೆ ಓಡಿತು. ಅದನ್ನೇ ಹೇಳಿದೆ. ಕೊಲ್ಲಿಯ ದೇಶಗಳೆಲ್ಲ ಒಂದೇ ಅಚ್ಚಿನವಲ್ಲ, ಕುವೈತಿನಲ್ಲಿ ಮಂತ್ರಿಗಳನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಸಂಸತ್ತಿದೆ, ಅಲ್ಲಿನ ಅರಸರೇ ಈಗ ಮುದಿವಯಸ್ಸಿನಲ್ಲಿ ರಾಜಿಗೆ ಓಡಾಡುತ್ತಿದ್ದಾರೆ ಎಂದೂ ಹೇಳಿದೆ. "ನಮ್ಮಮ್ಮ ಈಗ ಯಾರನ್ನ ಕೇಳ್ಬೇಕು ಹೇಳಿ ಅಂಕಲ್? ಯಾವ ಕೋರ್ಟಿಗೆ ಹೋಗ್ಬೇಕು?" ಎಂದೆ. ಅಂಕಲ್ ಇನ್ನೊಂದು ಸೌಟು ಬಾತು ಬಡಿಸಿಕೊಂಡು ಕ್ರಿಕೆಟ್ ಮಾತಾಡುವವರ ಕಡೆಗೆ ನಡೆದರು.

ನನ್ನ ಗಂಡ ಆ ವರ್ಷ ಕೆಲಸದ ಮೇಲೆ ಒಂದು ವಾರ ಬ್ರಿಸ್ಬೇನ್, ಒಂದು ವಾರ ಅಡಿಲೇಡ್ ಎಂದು ತಿರುಗುತ್ತಿದ್ದರು. ಇಲ್ಲಿನ ರಾಜ್ಯಗಳಿಗೂ ಒಂದನ್ನು ಕಂಡರೆ ಇನ್ನೊಂದಕ್ಕೆ ಅಷ್ಟಕ್ಕಷ್ಟೇ. ನಮ್ಮ ತೆರಿಗೆ ದುಡ್ಡನ್ನು ಆ ಕಡೆಯವರು ನುಂಗುತ್ತಿದ್ದಾರೆ ಎಂದು ಪರ್ತ್‌ನವರು ರೇಡಿಯೋದಲ್ಲಿ ದಿನಾ ಕೂಗಾಡುತ್ತಿದ್ದರು. ಕೂಗಾಡಿಕೊಂಡೇ ಅಡಿಲೇಡ್ ವಿಮಾನ ಹತ್ತುತ್ತಿದ್ದರು. ಒಟ್ಟಿಗಿರುವುದು ಎಂದರೆ ಇದೇ ಅಲ್ಲವೇ? ಜಗಳವಾಡಿದ ದಿನವೂ ಅಜ್ಜಿ ಮೊಮ್ಮಗುವಿನ ಮನೆಗೆ ಹೋಗುವಂತಿರಬೇಕು. ನಮ್ಮದಾದರೂ ಹೊಟ್ಟೆಪಾಡಿಗೆ ಹೋದವರ ಸಂಸಾರ. ಅಣ್ಣನ ಪಕ್ಕದ ಮನೆಯ ಕತಾರಿ ಹೆಂಗಸಿನ ಗಂಡ ಬಹ್ರೇನಿನವನು. ಹದಿನಾಲ್ಕು ದಿನದಲ್ಲಿ ಊರಿಗೆ ಮರಳು ಎಂದು ಅವನಿಗೆ ಅವನ ಸರ್ಕಾರದ ಅಪ್ಪಣೆಯಾಗಿತ್ತು. ಆ ಮನೆಯಲ್ಲಿ ರಂಜಾನ್ ಹಬ್ಬದ ದಿನ ದೀಪವನ್ನೇ ಹಾಕಿರಲಿಲ್ಲ ಎಂದು ಅಮ್ಮ ಹೇಳಿದಳು.

ವೀಸಾ ಬರಲಿಲ್ಲ. ಆಸ್ಟ್ರೇಲಿಯಾದ ವೀಸಾ ಮೊದಲೇ ಕೈಯಲ್ಲಿತ್ತು. ದೋಹಾದಲ್ಲಿ ಮುಂದೇನೋ ಎಂಬ ದಿಗಿಲಿಗೆ ಅಣ್ಣ ಅಮ್ಮನನ್ನು ನೇರ ಪರ್ತ್ ವಿಮಾನ ಹತ್ತಿಸಿಬಿಟ್ಟ. ಮುಕ್ಕಾಲು ಗಂಟೆ ದೂರ ಹೋಗಲಾಗದವಳು ಇಡೀ ಹಿಂದೂ ಮಹಾಸಾಗರ ದಾಟಿ ಬಂದಿಳಿದಳು. ತಂದದ್ದು ಮನಾಮಾಕ್ಕೆಂದು ಕಟ್ಟಿಟ್ಟಿದ್ದ ಬ್ಯಾಗನ್ನೇ. ಒಗೆದೊಗೆದು ಮೆತ್ತಗಾದ ಹಳೇ ಸೀರೆಯ ತುಂಡುಗಳು, ಕುಲಾವಿ, ಮಗುವಿಗೆ ತೇಯ್ದು ನೆಕ್ಕಿಸುವ ಬಜೆ ಬೇರು. ಬೇರನ್ನು ಒಳಗೆ ಬಿಡಲಾಗುವುದಿಲ್ಲ, ಇಲ್ಲಿನ ಗಿಡಮರಗಳಿಗೆ ರೋಗ ಬರಬಹುದು ಎಂದು ಏರ್‌ಪೋರ್ಟಿನ ತಪಾಸಣೆಯ ಹುಡುಗಿ ತಿಳಿಸಿ ಹೇಳಿ ತೆಗೆದಿಟ್ಟುಕೊಂಡಳಂತೆ. ಕೇಳಿ ನಾನು ರೇಗಿದೆ.

"ಹೋಗ್ಲಿ ಬಿಡೇ," ಎಂದಳು ಅಮ್ಮ. "ಇವಳು ಯಾಕೆ ಅಂತಾದ್ರೂ ಹೇಳಿದ್ಲು."

ಮುಂದಿನ ವಾರ ತಂಗಿಗೆ ಗಂಡು ಮಗುವಾಯಿತು. ಅವಳ ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಆ ಊರಿನಲ್ಲಿ ನೀರೆರೆಯುವವರು ಯಾರೂ ಸಿಗಲಿಲ್ಲ. ಗಂಡನ ನಾಲ್ಕು ದಿನದ ರಜೆ ಮುಗಿಯಿತು. ಕಡೆಗೆ ಹಸಿ ಬಾಣಂತಿ ತಾನೇ ಬಚ್ಚಲಲ್ಲಿ ಕೂತಳು, ಎದುರಿಗೆ ಬಕೆಟ್ಟಿನ ಮೇಲೆ ಫೋನ್ ಒರಗಿಸಿಕೊಂಡು. ಇತ್ತ ಹ್ಯಾರಿಸ್‌ಡೇಲ್‌ನ ನಮ್ಮ ಬಾತ್‌ರೂಮಿನ ತಣ್ಣಗಿನ ನೆಲದ ಮೇಲೆ ಅಮ್ಮ ಸೀರೆ ಮೇಲೆತ್ತಿ ಕಾಲು ನೀಡಿ ಕೂತಳು. ನನ್ನ ಮಗಳು ಫೋನ್ ಹಿಡಿದಿದ್ದಳು.

"ಕಾಲು ಜೋಡಿಸ್ಕೋ. ತಲೆ ಪಾದದ ಕಡೆ ಬರ್ಲಿ. ಹೂಂ, ಈಗ ಬೋರಲು ಹಾಕ್ಕೋ. ಕಿವಿಗೆ ಅಡ್ಡ ಕೈಯಿಡೇ!"

ಹೇಳಿಕೊಡುತ್ತಾ ಅಮ್ಮ ತನ್ನ ಬರಿಗಾಲುಗಳ ಮೇಲೆ ಬಿಸಿನೀರು ಹುಯ್ದುಕೊಳ್ಳುತ್ತಿದ್ದಳು. ಇಲ್ಲದ ಬೆನ್ನನ್ನು ಸವರುತ್ತಿದ್ದಳು. "ಬಟ್ ಅಜ್ಜಿ, ದೇರ್ಸ್ ನೋ ಬೇಬಿ," ಎಂದಳು ನನ್ನ ಮಗಳು. ಅವಳನ್ನು ಸುಮ್ಮನಿರಿಸಿದೆ.

ಅತ್ತ ಮಗು ಒಂದೇ ಸಮ ಅಳುತ್ತಿತ್ತು. ಕಡೆಯ ಚೊಂಬು ಆಯಿತು. ನಮ್ಮಲ್ಲಿ ಒಬ್ಬರು ಎರೆಯುವಾಗ ಇನ್ನೊಬ್ಬರು ಬಟ್ಟೆ ಹರಡಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ, ನೆಂದ ಮಗುವನ್ನು ಎತ್ತಿಕೊಳ್ಳಲು.

"ಅಮ್ಮ, ಕಾಲು ಮರಗಟ್ಟಿದೆ. ಏಳಕ್ಕಾಗ್ತಿಲ್ಲ," ಎಂದಳು ತಂಗಿ. ಅವಳೂ ಅಳುತ್ತಿದ್ದಳು. "ಇವನನ್ನ ಯಾರ ಕೈಗೆ ಕೊಡ್ಲಿ?"

ಅಮ್ಮ ಮಡಿಲಲ್ಲಿದ್ದ ಹಳೇ ಸೀರೆಯ ತುಂಡನ್ನು ತಟ್ಟನೆ ಎರಡೂ ಕೈಯಲ್ಲಿ ಹರಡಿ ಫೋನಿನ ಮುಂದೆ ಹಿಡಿದಳು. ಹಿಡಿದೇ ಇದ್ದಳು.