ಎದುರು ಪಕ್ಷದ ಪುಟ್ಟತಾಯಿ ಮೇಡಂ

ಕ್ಯಾಂಟೀನಿನ ಕಾಫಿ ಚೆನ್ನಾಗಿದೆ ಎಂದು ಯಾರಾದರೂ ಬಾಯಿ ತಪ್ಪಿ ಅಂದರೆ ಸಾಕು, ಪುಟ್ಟತಾಯಿ ಮೇಡಂ ಲೋಟ ಕೆಳಗಿಟ್ಟು, "ಇಲ್ಲ ಕಣ್ರೀ, ಹೇಗೆ ಚೆನ್ನಾಗಿದೆ ಹೇಳಿ ನೋಡೋಣ" ಎನ್ನುತ್ತಿದ್ದರು. ಮರುದಿನ ಅದೇ ಕಾಫಿಯನ್ನು ನಾವು ಬೈದರೆ ಅದರ ಪರವಾಗಿ ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದರು. ಐದಡಿಯೂ ಇಲ್ಲದ ಹೆಂಗಸು, ಎಡ ಹೆಗಲಿಗೆ ಉದ್ದನೆಯ ಬಟ್ಟೆ ಚೀಲ. ಗಂಟಲು ಮಾತ್ರ ಮೈಸೂರು ರಸ್ತೆಯ ಲಾರಿ ಹಾರ್ನಿನದು. ಎರಡು ಕೊಠಡಿ ಆಚೆ ಅಕೌಂಟೆನ್ಸಿ ಹೇಳಿಕೊಡುತ್ತಿದ್ದ ನನ್ನ ಕ್ಲಾಸಿಗೂ ಅವರ ಸಮಾಜಶಾಸ್ತ್ರ ಪುಕ್ಕಟೆಯಾಗಿ ಸಿಗುತ್ತಿತ್ತು.

ಕೆಂಗೇರಿ ಆಚೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾವಿಬ್ಬರೂ ಗುತ್ತಿಗೆಯ ಅಧ್ಯಾಪಕರು. ಸೆಮಿಸ್ಟರ್ ಮುಗಿದಾಗ ನಮ್ಮ ಕೆಲಸವೂ ಮುಗಿಯುತ್ತದೆ. ಮುಂದಿನದಕ್ಕೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಯಾರನ್ನೂ ಕೆಲಸದಿಂದ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. "ಈ ಸಲ ವರ್ಕ್‌ಲೋಡ್ ಇಲ್ಲ" ಎನ್ನುತ್ತಾರೆ, ಅಷ್ಟೇ. ಆ ಮಾತು ಕಿವಿಗೆ ಬೀಳದಿರಲಿ ಎಂದು ನಮ್ಮಂಥ ಪುಕ್ಕಲರು ರಜೆ ಕೇಳದೆ, ಮೀಟಿಂಗಿನಲ್ಲಿ ಕೆಮ್ಮದೆ ಬದುಕಿದ್ದೇವೆ. ಮೇಡಂ ಮೀಟಿಂಗಿನಲ್ಲೂ ಕೈ ಎತ್ತುತ್ತಿದ್ದರು. ಗಂಡ ತೀರಿಕೊಂಡಿದ್ದರು, ಮಗಳಿನ್ನೂ ಓದುತ್ತಿದ್ದಳು. ಬಾಪೂಜಿ ನಗರದ ಅವರ ಎರಡು ಕೋಣೆಯ ಮನೆ ನಡೆಯುತ್ತಿದ್ದದ್ದು ಈ ಸಂಬಳದಲ್ಲೇ.

ಅವರ ಕ್ಲಾಸಿನಲ್ಲಿ ಪ್ರತಿ ಶುಕ್ರವಾರ ವಾದ. ಮಕ್ಕಳು ಯಾವ ಪಕ್ಷ ಹಿಡಿಯುತ್ತಾರೋ ಮೇಡಂ ಅದರ ಎದುರು ಪಕ್ಷ. ವಾದಕ್ಕೆ ಇಳಿಯುವ ಮುಂಚೆ ಚೀಲವನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಬದಲಿಸಿಕೊಳ್ಳುತ್ತಿದ್ದರು. ಚೀಲ ಬಲಕ್ಕೆ ಬಂತೆಂದರೆ ಇನ್ನು ಮೇಡಂ ಆಡುವುದು ಅವರ ಸ್ವಂತ ಮಾತಲ್ಲ ಎಂದು ಕಡೇ ಬೆಂಚಿಗೂ ಗೊತ್ತಿತ್ತು. "ನನ್ನ ಸೋಲ್ಸಿ ಕಣ್ರೋ, ಮಾರ್ಕ್ಸ್ ಕೊಡ್ತೀನಿ. ಒಪ್ಕೊಂಡು ಕೂತ್ರೆ ಮಾತ್ರ ಏನೂ ಕೊಡಲ್ಲ" ಎನ್ನುತ್ತಿದ್ದರು.

ಹೋದ ವರ್ಷದ ಒಂದು ಶುಕ್ರವಾರ ವಿಷಯ ಕೆರೆ ಒತ್ತುವರಿ. ಕೆರೆ ಜಾಗದಲ್ಲಿ ಕಟ್ಟಿದ ಮನೆಗಳನ್ನು ಒಡೆಯಬಾರದು, ಜನ ಎಲ್ಲಿಗೆ ಹೋಗಬೇಕು ಎಂದು ಇಡೀ ಕ್ಲಾಸು ಒಂದಾಯಿತು. ಮೇಡಂ ಚೀಲ ಬದಲಿಸಿದರು.

"ಒಡೀಬೇಕು ಕಣ್ರೋ! ಆದ್ರೆ ಬಡವ್ರ ಮನೆಯಿಂದ ಯಾಕೆ ಶುರು ಮಾಡ್ತೀರಾ? ಈ ಬಿಲ್ಡಿಂಗ್ ಕೆಳಗೂ ಕೆರೆ ಇತ್ತು ಅಂತಾರೆ ಊರೋರು. ಮೊದಲ್ನೇ ಜೆಸಿಬಿ ಇಲ್ಲಿಗೇ ಬರ್ಲಿ!"

ಮಕ್ಕಳು ಬೆಂಚು ಬಡಿದರು. ನನ್ನ ಕ್ಲಾಸಿನವರೂ ನಕ್ಕರು. ತಮಾಷೆಯೆಂದರೆ ಮೇಡಂ ಮನೆ ಇದ್ದದ್ದೇ ಕೆರೆಗೆ ಮಳೆನೀರು ಹರಿಯುವ ರಾಜಕಾಲುವೆಯ ಪಕ್ಕ, ಜೆಸಿಬಿ ಸದ್ದು ಕೇಳಿದರೆ ಬೆಚ್ಚಿಬೀಳುವ ಬೀದಿಯಲ್ಲಿ.

ಸೋಮವಾರದ ಹೊತ್ತಿಗೆ ಆ ಕೊನೆಯ ಎರಡು ಮಾತು ಎಲ್ಲರ ಮೊಬೈಲಿನಲ್ಲೂ ಇತ್ತು. ವಿಡಿಯೋ ಮಾಡಿದವರು ಯಾರೋ ಇಂದಿಗೂ ತಿಳಿಯದು. ಅದರಲ್ಲಿ ಚೀಲ ಬಲ ಹೆಗಲಲ್ಲೇ ಕಾಣುತ್ತಿತ್ತು, ಆದರೆ ಹೊರಗಿನವರಿಗೆ ಅದು ಬರೀ ಚೀಲ. ಸ್ಟಾಫ್ ರೂಮಿನಲ್ಲಿ ಮೇಡಂ ಕಾಲಿಟ್ಟೊಡನೆ ಮಾತು ನಿಲ್ಲತೊಡಗಿತು. ಅವರ ಕರಿಹಲಗೆಯ ಮೇಲೊಂದು ಕ್ಯಾಮೆರಾ ಬಂತು. ಆಮೇಲೆ ಇಸ್ತ್ರಿ ಅಂಗಿಯ ಒಬ್ಬರು ಬಂದು ಕಡೇ ಬೆಂಚಿನಲ್ಲಿ ಕೂರತೊಡಗಿದರು. ಅವರು ಯಾರೆಂದು ಯಾರೂ ಹೇಳಲಿಲ್ಲ. "ನೀವು ಪಾಠ ಮಾಡಿ ಮೇಡಂ, ನಾನ್ ಸುಮ್ನೆ ಕೇಳ್ತೀನಿ" ಎಂದರಂತೆ. "ಕೇಳಿ ಸಾರ್, ಅಟೆಂಡೆನ್ಸ್ ಹಾಕ್ಲಾ?" ಎಂದರಂತೆ ಮೇಡಂ. ಮಕ್ಕಳು ಯಾರೂ ನಗಲಿಲ್ಲವಂತೆ.

ರಿಜಿಸ್ಟ್ರಾರ್ ಕರೆಸಿದಾಗ ಜೊತೆಗೆ ನಾನೂ ಹೋದೆ. ಬೈಗುಳ ಕಾದಿದೆ ಎಂದುಕೊಂಡಿದ್ದರೆ ಟೀ, ಬಿಸ್ಕತ್ತು ಬಂತು. ರಿಜಿಸ್ಟ್ರಾರ್ ಮೆತ್ತಗೆ, "ಮೇಡಂ, ಅದು ನನ್ನ ಅಭಿಪ್ರಾಯ ಅಲ್ಲ ಅಂತ ಒಂದ್ ಮಾತು ಹೇಳ್ಬಿಡಿ. ಇಲ್ಲಿಗೇ ಮುಗಿಸೋಣ" ಎಂದರು.

ಸುಳ್ಳೇನೂ ಹೇಳಬೇಕಿರಲಿಲ್ಲ. ಇದ್ದದ್ದನ್ನು ಹೇಳಿದರೆ ಕೆಲಸ ಉಳಿಯುತ್ತಿತ್ತು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ.

"ಅಲ್ಲ ಅಂದ್ರೆ ನಾನು ಉಳ್ಕೋತೀನಿ ಸಾರ್," ಎಂದರು ಮೇಡಂ. ಆ ಗಂಟಲು ಅಷ್ಟು ತಗ್ಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಾಳೆ ಯಾರೋ ಒಬ್ರಿಗೆ ನಿಜವಾಗ್ಲೂ ಅದೇ ಅಭಿಪ್ರಾಯ ಇದ್ರೆ? ಅವ್ರು ಏನ್ ಹೇಳಿ ಉಳ್ಕೋಬೇಕು? ಕ್ಲಾಸ್ ರೂಮಲ್ಲಿ ಆಡಿದ್ ಮಾತು ನನ್ನದೋ ಅಲ್ವೋ ಅಂತ ಇಲ್ಲಿ ಬಂದು ಲೆಕ್ಕ ಕೊಡಲ್ಲ."

ರಿಜಿಸ್ಟ್ರಾರ್ ನಕ್ಕರು. "ಆಯ್ತು ಮೇಡಂ. ಟೀ ಆರೋಗತ್ತೆ, ಕುಡೀರಿ." ಹೊರಗೆ ಬಂದ ಮೇಲೆ ಮೇಡಂ ಮೇಲೆ ರೇಗಿದೆ. ಮಗಳ ಫೀಸು ಯಾರು ಕಟ್ಟುತ್ತಾರೆ ಎಂದೂ ಕೇಳಿದೆ. ಅವರು ಚೀಲವನ್ನು ಎಡ ಹೆಗಲಲ್ಲೇ ಸರಿಮಾಡಿಕೊಂಡು ಕ್ಲಾಸಿನ ಕಡೆ ನಡೆದರು.

ಮುಂದಿನ ಸೆಮಿಸ್ಟರಿಗೆ ಸಮಾಜಶಾಸ್ತ್ರಕ್ಕೆ ಎರಡು ಸೆಕ್ಷನ್ ತುಂಬುವಷ್ಟು ಮಕ್ಕಳಿದ್ದರು. ಮೇಡಂಗೆ ವರ್ಕ್‌ಲೋಡ್ ಇರಲಿಲ್ಲ. ಈಗ ಶುಕ್ರವಾರ ಎರಡು ಕೊಠಡಿ ಆಚೆಯಿಂದ ನನಗೆ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಕ್ಯಾಮೆರಾ ಮೊದಲು ಅವರ ಕೊಠಡಿಯಲ್ಲಿ ಮಾತ್ರ ಇತ್ತು, ಈಗ ಎಲ್ಲರ ಕೊಠಡಿಗೂ ಬಂದಿದೆ.

ಮೊನ್ನೆ ಮೆಟ್ರೋದಲ್ಲಿ ಸಿಕ್ಕರು. ದೀಪಾಂಜಲಿ ನಗರದಲ್ಲಿ ಹತ್ತಿದವರು ನನ್ನನ್ನು ನೋಡಿ ಪಕ್ಕದಲ್ಲೇ ಕುಳಿತರು. ಸೊರಗಿದ್ದರು, ಕೂದಲು ನೆರೆತಿತ್ತು. ಬಸವೇಶ್ವರನಗರದಲ್ಲಿ ಮನೆಪಾಠ ಹೇಳುತ್ತಾರಂತೆ. ಬೇರೆ ಕಾಲೇಜುಗಳಲ್ಲಿ ಕೇಳಲಿಲ್ಲವೇ ಎಂದೆ. "ಕೇಳ್ದೆ ಕಣ್ರೀ. ನನ್ನ ವಿಡಿಯೋ ನನಗಿಂತ ಮುಂಚೇನೇ ಹೋಗಿರತ್ತೆ" ಎಂದರು.

ಆಮೇಲೆ ಅವರೇ ಕೇಳಿದರು. "ನಮ್ ಹುಡುಗ್ರು ಈಗ್ಲೂ ಎದುರು ಮಾತಾಡ್ತಾರಾ?"

ಬಾಯಿ ತೆರೆಯುವ ಮುಂಚೆ ನಾನು ಆಚೀಚೆ ನೋಡಿದೆ. ಬೋಗಿಯ ನಮ್ಮ ಬದಿಯಲ್ಲಿ ಸೊಪ್ಪಿನ ಚೀಲ ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದ ಒಬ್ಬ ಅಜ್ಜಿ ಬಿಟ್ಟರೆ ಯಾರೂ ಇರಲಿಲ್ಲ. ನಾನು ಹಾಗೆ ನೋಡಿದ್ದನ್ನು ಮೇಡಂ ನೋಡಿದರು.

"ಉತ್ತರ ಸಿಕ್ತು ಬಿಡಿ," ಎಂದರು.

ವಿಜಯನಗರ ಬಂತು. ಎದ್ದು ನಿಂತು, ಚೀಲವನ್ನು ಎಡ ಹೆಗಲಿನಿಂದ ತೆಗೆದು ಬಲ ಹೆಗಲಿಗೆ ಹಾಕಿಕೊಂಡರು. ನನ್ನ ಮುಖವನ್ನೇ ನೋಡುತ್ತಾ, "ಎಲ್ಲಾ ಸರಿಹೋಗತ್ತೆ, ಹೆದ್ರ್ಕೋಬೇಡಿ" ಎಂದು ಹೇಳಿ ಇಳಿದುಹೋದರು.